ಚಿಗುರೂ ಚಿಗರಿಯೂ

ಕಳೆದ ಮುಂಗಾರಿನ ಒಂದು ಬೆಳಗಿನ ಮಾತಿನಿಂದ ಈ ಭಾಷಣವನ್ನು ಆರಂಭಿಸುತ್ತೇನೆ. ನಿವೃತ್ತನಾದ ಮೇಲೆ ವರ್ಷಕ್ಕೆರಡು ಬಾರಿಯಾದರೂ ನಾನು ಹಲಗೇರಿಗೆ ಹೋಗಿ ಬರುವುದುಂಟು. ರಾಣೆಬೆನ್ನೂರು ತಾಲ್ಲೂಕಿನ ಈ ಊರಿನಲ್ಲಿ ನಮ್ಮ ಮನೆತನದ ಒಂದು ತುಂಡು ಹೊಲ ಇನ್ನೂ ಉಳಿದಿದೆ. ನೆರೆಮನೆಯ ತರುಣನೊಬ್ಬ ಅದನ್ನು ಲಾವಣಿಗೆ ಹಿಡಿದು ಸಾಗುವಳಿ ಮಾಡುತ್ತಿದ್ದಾನೆ. ಅವನ ತಂದೆ ನನಗೆ ಓರಗೆಯವನಾದ್ದರಿಂದ ನಾನು ಅವನಿಗೆ ಕಾಕಾ.

ಆ ಬೆಳಗ್ಗೆ ನಾವಿಬ್ಬರೂ ಹೊಲದ ಬದುವಿನ ಮೇಲೆ ನಿಂತಿದ್ದೆವು. ಗೋವಿನಜೋಳ ಹುಟ್ಟಿ ಮೂರು ವಾರ ಕಳೆದಿರಬಹುದು. ಹುಟ್ಟಿದ್ದರ ಗುರುತು ಮಾತ್ರ ಇತ್ತು, ಪೈರು ಇರಲಿಲ್ಲ. ಸಾಲಿಗೆ ಸಾಲೇ ಮೇಯ್ದುಹೋಗಿತ್ತು. ಕಣ್ಣಳತೆಯ ದೂರದಲ್ಲಿ ಒಂದು ಹಿಂಡು ಚಿಗರಿ ನಮ್ಮನ್ನೇ ನೋಡುತ್ತ ನಿಂತಿತ್ತು. ನಡುವೆ ಒಂದು ಕಪ್ಪು ಹೋರಿ, ಅದರ ತಿರುಚಿದ ಕೊಂಬಿನ ಮೇಲೆ ಎಳೆಬಿಸಿಲು. ಕಾವ್ಯ ಕಲಿಸಿಕೊಂಡೇ ಬದುಕಿದವನ ಬಾಯಿಂದ "ಎಷ್ಟು ಚಂದ!" ಎಂಬ ಮಾತು ತಾನಾಗಿ ಬಂದುಬಿಟ್ಟಿತು. ಆಡಬಾರದಾಗಿತ್ತು.

ಆ ತರುಣ ಸಿಟ್ಟಾಗಲಿಲ್ಲ. ಸಾವಕಾಶವಾಗಿ ಹೇಳಿದ: "ಚಂದ ಐತಿ ಕಾಕಾ, ಇಲ್ಲ ಅನ್ನಂಗಿಲ್ಲ. ಆದರ ಇವು ಯಾರ ಚಿಗರಿ? ಸರ್ಕಾರದ್ದು ಅಂದ್ರ ಸರ್ಕಾರದ ಜಾಗಾದಾಗ ಮೇಯ್ಲಿ. ದೇವರದ್ದು ಅಂದ್ರ ದೇವರ ಮಾನ್ಯದಾಗ ಮೇಯ್ಲಿ. ನನ್ನ ಹೊಲದಾಗ ಮೇಯೂದಾದ್ರ ನನ್ನವಾಗಬೇಕಲ್ರಿ?"

ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ತರಗತಿಯಲ್ಲಿ ಪ್ರಶ್ನೆ ಕೇಳುತ್ತ ಬಂದ ನನಗೆ ಅಂದು ಉತ್ತರ ಹೊಳೆಯಲಿಲ್ಲ. ಇಂದಿನ ಮಾತು ಆ ಉತ್ತರದ ಹುಡುಕಾಟ.

ಮೊದಲು ಈ ಪ್ರಾಣಿಯ ಪರಿಚಯ ಮಾಡಿಕೊಳ್ಳೋಣ. ನಮ್ಮ ಸೀಮೆಯ ಚಿಗರಿಯೇ ಸಂಸ್ಕೃತದ ಕೃಷ್ಣಸಾರ, ಗ್ರಂಥಭಾಷೆಯ ಕೃಷ್ಣಮೃಗ. ಇದನ್ನು ವಾಡಿಕೆಯಲ್ಲಿ ಜಿಂಕೆ ಎನ್ನುತ್ತೇವಾದರೂ ಶಾಸ್ತ್ರದ ಪ್ರಕಾರ ಇದು ಜಿಂಕೆಯಲ್ಲ, ಹುಲ್ಲೆ. ಜಿಂಕೆಯ ಕವಲುಗೊಂಬು ಉದುರಿ ಮತ್ತೆ ಹುಟ್ಟುತ್ತದೆ. ಹುಲ್ಲೆಯ ಕೊಂಬು ಒಮ್ಮೆ ಮೂಡಿದರೆ ಜೀವಾವಧಿ ಉಳಿಯುತ್ತದೆ. ಹುಲ್ಲೆ ಎಂಬ ಶಬ್ದದಲ್ಲಿಯೇ ಹುಲ್ಲು ಕೇಳಿಸುತ್ತದೆ. ಈ ನಿರುಕ್ತಿ ಸರಿಯೋ ತಪ್ಪೋ ಪಂಡಿತರು ವಿಚಾರಿಸಲಿ, ಪ್ರಾಣಿಯ ಸ್ವಭಾವಕ್ಕಂತೂ ಅದು ಚೆನ್ನಾಗಿ ಒಪ್ಪುತ್ತದೆ. ದಟ್ಟ ಕಾಡು ಚಿಗರಿಗೆ ಒಗ್ಗದು. ಅದಕ್ಕೆ ಬೇಕಾದದ್ದು ಮೊಣಕಾಲುದ್ದದ ಹುಲ್ಲು, ದೂರದವರೆಗೆ ಕಾಣುವ ಬಯಲು, ಅಪಾಯ ಕಂಡಾಗ ಅಡ್ಡಿಯಿಲ್ಲದೆ ಓಡಲು ಅವಕಾಶ. ಕಣ್ಣು ಮತ್ತು ಕಾಲು, ಇವೆರಡೇ ಅದರ ಆಯುಧಗಳು. ಓಟದಲ್ಲಿ ಗಂಟೆಗೆ 80 ಕಿಲೋಮೀಟರಿನ ಹತ್ತಿರಕ್ಕೆ ಮುಟ್ಟಬಲ್ಲದು. ಹೆಣ್ಣು ಸುಮಾರು ಆರು ತಿಂಗಳು ಗರ್ಭ ಹೊತ್ತು ಒಂದು ಮರಿ ಹಾಕುತ್ತದೆ. ಮೊದಲ ಕೆಲವು ದಿನ ಅದನ್ನು ಹುಲ್ಲಿನಲ್ಲಿ ಅಡಗಿಸಿಟ್ಟು ತಾನು ದೂರದಲ್ಲಿ ಮೇಯುತ್ತದೆ. ಒಂಟಿಯಾಗಿ ಮಲಗಿದ ಮರಿಯನ್ನು ಕಂಡವರು ತಬ್ಬಲಿ ಎಂದು ಬಗೆದು ಮನೆಗೆ ಎತ್ತಿ ತರುವುದುಂಟು. ಹಾಗೆ ತಂದಾಗಲೇ ಅದು ನಿಜವಾಗಿ ತಬ್ಬಲಿಯಾಗುತ್ತದೆ.

ಇಂಥ ಬಯಲಿನ ಪ್ರಾಣಿಗೆ ಹದವಾಗಿ ಮಳೆಯಾದ ಗೋವಿನಜೋಳದ ಹೊಲ ಹೇಗೆ ಕಾಣಬಹುದು? ಅದೂ ಒಂದು ಹುಲ್ಲುಗಾವಲೇ. ಸಸ್ಯಶಾಸ್ತ್ರದ ಪ್ರಕಾರ ಗೋವಿನಜೋಳ, ಜೋಳ, ಸಾವೆ, ನವಣೆಗಳೆಲ್ಲ ಹುಲ್ಲಿನ ಜಾತಿಗೇ ಸೇರಿದವು. ನಾವು ಅದಕ್ಕೆ ಗೊಬ್ಬರ ಹಾಕಿ, ಕಳೆ ತೆಗೆದು, ಎಳೆಯದಾಗಿ, ಸಾಲಾಗಿ ಬಡಿಸಿಟ್ಟಿರುತ್ತೇವೆ. ಬೇಲಿಯಾಚೆಯ ಒಣಹುಲ್ಲನ್ನು ಬಿಟ್ಟು ಈಚೆಯ ಚಿಗುರಿಗೆ ಬಂದದ್ದಕ್ಕೆ ಚಿಗರಿಯನ್ನು ಕಳ್ಳನೆನ್ನುವುದು ಮನುಷ್ಯರ ನ್ಯಾಯ. ಅದರ ನ್ಯಾಯದಲ್ಲಿ ಬದುವೆಂಬುದು ಇಲ್ಲ.

ಹಾನಿಯನ್ನು ತಡೆಯಬೇಕಾದರೆ ಹಾನಿ ಮಾಡಿದವರು ಯಾರೆಂಬುದನ್ನು ಮೊದಲು ತಿಳಿಯಬೇಕು. ಹುಲ್ಲೆಗೆ, ನಮ್ಮ ದನಗಳಂತೆಯೇ, ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲಿಲ್ಲ. ಆದ್ದರಿಂದ ಅದು ಮೇಯ್ದ ಎಲೆಯ ತುದಿ ಕತ್ತರಿಸಿದಂತೆ ನೇರವಾಗಿರುವುದಿಲ್ಲ, ಕಿತ್ತಂತೆ ಹರಿದಿರುತ್ತದೆ. ನೆಲದ ಮೇಲೆ ಮೊನಚಾದ ಜೋಡಿಗೊರಸಿನ ಗುರುತು ಇರುತ್ತದೆ. ಕಾಡುಹಂದಿ ಬಂದಿದ್ದರೆ ಮಣ್ಣು ಉತ್ತಂತೆ ತಿರುವಿಬಿದ್ದಿರುತ್ತದೆ. ಶೇಂಗಾದ ಕಾಯಿ, ಬಿತ್ತಿದ ಬೀಜ, ಹಾಲುಗಾಳಿನ ತೆನೆ ಅದಕ್ಕೆ ಪ್ರಿಯ; ತಿಂದದ್ದಕ್ಕಿಂತ ಕೆಡವಿದ್ದೇ ಹೆಚ್ಚು. ನವಿಲಾದರೆ ಮೊಳಕೆಯ ಬುಡವನ್ನು ಕೆದರಿ ಕಾಳು ಹೆಕ್ಕುತ್ತದೆ. ಹಂದಿಗೆ ಮಾಡುವ ಉಪಾಯ ಚಿಗರಿಗೆ ನಾಟದು, ಚಿಗರಿಗೆ ಮಾಡಿದ್ದು ನವಿಲಿಗೆ ನಾಟದು. "ಕಾಡುಪ್ರಾಣಿಗಳ ಹಾವಳಿ" ಎಂದು ಒಂದೇ ಮಾತಿನಲ್ಲಿ ಎಲ್ಲವನ್ನೂ ಸೇರಿಸಿ ಬರೆದ ಅರ್ಜಿಯಿಂದ ರೈತನಿಗೂ ಲಾಭವಿಲ್ಲ, ಅಧಿಕಾರಿಗೂ ದಾರಿ ತೋರದು.

ಇನ್ನೊಂದು ಸೂಕ್ಷ್ಮವಿದೆ. ಗೋವಿನಜೋಳದ ಬೆಳವಣಿಗೆಯ ಕುಡಿ ಮೊದಲ ಮೂರು ವಾರಗಳಷ್ಟು ಕಾಲ ನೆಲದೊಳಗೇ ಇರುತ್ತದೆ. ಐದಾರು ಎಲೆ ಮೂಡುವವರೆಗೆ ಮೇಲಿನ ಎಲೆ ಮೇಯ್ದುಹೋದರೂ ಪೈರು ಮತ್ತೆ ಚಿಗುರುವ ಸಂಭವವಿದೆ. ಕುಡಿ ನೆಲದಿಂದ ಮೇಲೆ ಬಂದ ನಂತರ ಬಾಯಿ ಬಿದ್ದರೆ ಗಿಡ ಹೋಯಿತೆಂದೇ ಲೆಕ್ಕ. ಹತ್ತಿ, ಅವರೆ, ಅಲಸಂದೆಗಳ ಸಂಗತಿ ಬೇರೆ. ಅವುಗಳ ಕುಡಿ ಮೊದಲ ದಿನದಿಂದಲೇ ತುದಿಯಲ್ಲಿರುತ್ತದೆ. ಇದನ್ನು ತಿಳಿದವನು ಬೆಳೆಯ ನೂರು ದಿನವೂ ಕಾಯಬೇಕಿಲ್ಲ. ಯಾವ ದಿನಗಳಲ್ಲಿ ಕಣ್ಣು ಮುಚ್ಚಬಾರದೆಂಬುದನ್ನು ಅರಿತು ಆಗ ಮೈಯೆಲ್ಲ ಕಣ್ಣಾಗಿ ಕಾಯುತ್ತಾನೆ.

ಇದು ಇಂದಿನ ಕಷ್ಟವೇ ಎಂದರೆ, ಅಲ್ಲ. ಬೆಳೆ ಮತ್ತು ಮೃಗದ ಜಗಳ ನಮ್ಮ ಸಾಹಿತ್ಯದಷ್ಟೇ ಹಳೆಯದು. ರಾಘವಾಂಕನ ಹರಿಶ್ಚಂದ್ರ ಕಾವ್ಯವನ್ನು ಓದಿದವರಿಗೆ ನೆನಪಿರಬಹುದು: ಸತ್ಯಸಂಧನಾದ ಅರಸನ ಕಷ್ಟಪರಂಪರೆಗೆ ದಾರಿ ತೆರೆದದ್ದು ಪೈರನ್ನು ಹಾಳುಮಾಡಿದ ಮೃಗಗಳು. ವಿಶ್ವಾಮಿತ್ರನ ಕೈವಾಡದಿಂದ ಅವು ನಾಡಿನ ಮೇಲೆ ಬೀಳುತ್ತವೆ, ಪ್ರಜೆಗಳು ಬಂದು ದೂರುತ್ತಾರೆ, ಅರಸ ಬೇಟೆಗೆ ಹೊರಡುತ್ತಾನೆ. ಬೆಳೆ ಕಾಯುವುದು ರಾಜಧರ್ಮವೆಂಬ ಭಾವನೆ ಅಲ್ಲಿ ಸ್ಪಷ್ಟವಾಗಿದೆ. ಸುಮಾರು ಸಾ.ಶ. 950ರ ಆತಕೂರಿನ ಶಾಸನದಲ್ಲಿ ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ಬೇಟೆನಾಯಿಗೆ ಕಲ್ಲು ನಿಲ್ಲಿಸಿದ ಸಂಗತಿಯಿದೆ. ಇತ್ತ ಕಾಳಿದಾಸನ ಶಾಕುಂತಲದಲ್ಲಿ ಕೃಷ್ಣಸಾರವನ್ನು ಅಟ್ಟಿಸಿಕೊಂಡು ಬಂದ ದುಷ್ಯಂತನನ್ನು ತಪಸ್ವಿಗಳು ತಡೆದು, ಇದು ಆಶ್ರಮದ ಮೃಗ, ಕೊಲ್ಲಬೇಡ ಎನ್ನುತ್ತಾರೆ. ಒಂದೆಡೆ ಒಕ್ಕಲಿಗನ ಮೊರೆ, ಇನ್ನೊಂದೆಡೆ ತಪಸ್ವಿಯ ಮೊರೆ. ಎರಡೂ ನ್ಯಾಯವಾದವೇ. ಅಂದಿನ ಅರಸ ಒಬ್ಬನ ಮೊರೆ ಕೇಳಿ ಬಿಲ್ಲು ಎತ್ತುತ್ತಿದ್ದ, ಇನ್ನೊಬ್ಬನ ಮೊರೆ ಕೇಳಿ ಇಳಿಸುತ್ತಿದ್ದ. ನಾಡು ವಿಶಾಲವಾಗಿತ್ತು, ಎರಡಕ್ಕೂ ಎಡೆಯಿತ್ತು.

ಆ ಎಡೆ ಹೇಗೆ ಕಿರಿದಾಯಿತೆಂಬುದೇ ನಮ್ಮ ಸೀಮೆಯ ಕಥೆ. ಬಂದೂಕು ಬಂದ ಮೇಲೆ ದೇಶದ ಬಯಲುಗಳಲ್ಲಿ ಚಿಗರಿ ಬಹುಮಟ್ಟಿಗೆ ನಾಶವಾಯಿತು. ಅದನ್ನು ಅಟ್ಟಿ ಹಿಡಿಯಬಲ್ಲ ಚೀತಾ ಅದಕ್ಕಿಂತ ಮೊದಲೇ ನಾಶವಾಯಿತು. ಕೊನೆಯದೆನ್ನಲಾದ ಮೂರು ಚೀತಾಗಳು ಗುಂಡಿಗೆ ಬಲಿಯಾದದ್ದು 1947ರಲ್ಲಿ. ಭಾರತದಲ್ಲಿ ಅದರ ಸಂತತಿ ಅಳಿದುದನ್ನು 1952ರಲ್ಲಿ ಘೋಷಿಸಲಾಯಿತು. ಆಫ್ರಿಕದಿಂದ ತಂದ ಚೀತಾಗಳನ್ನು 2022ರಲ್ಲಿ ಮಧ್ಯಪ್ರದೇಶದ ಕುನೋದಲ್ಲಿ ಬಿಟ್ಟದ್ದನ್ನು ತಾವು ಕೇಳಿದ್ದೀರಿ. ನಮ್ಮ ಕಡೆ ಉಳಿದ ಬೇಟೆಗಾರ ಪ್ರಾಣಿಯೆಂದರೆ ತೋಳ. ಅದೂ ವಿರಳ, ಮೇಲಾಗಿ ಕುರಿಗಾರರ ಶಾಪಕ್ಕೆ ಗುರಿಯಾದದ್ದು.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. ಚಿಗರಿ ಅದರ ಮೊದಲನೆಯ ಅನುಸೂಚಿಗೆ, ಎಂದರೆ ಹುಲಿ ಆನೆಗಳ ಪಂಕ್ತಿಗೆ, ಸೇರಿತು. 1974ರಲ್ಲಿ 119 ಚದರ ಕಿಲೋಮೀಟರಿನ ರಾಣೆಬೆನ್ನೂರು ಕೃಷ್ಣಮೃಗ ವನ್ಯಧಾಮ ಘೋಷಿತವಾಯಿತು. ಹುಲ್ಲತ್ತಿ, ಹುಣಸಿಕಟ್ಟಿ ಮೊದಲಾದ ಭಾಗಗಳು ಅದರಲ್ಲಿವೆ. ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರಂಥವರು ಆ ಕಾಲದಲ್ಲಿ ಈ ಪ್ರಾಣಿಯ ಉಳಿವಿಗಾಗಿ ದುಡಿದರು. ಫಲ ದೊರೆಯಿತು, ಕೆಲವು ನೂರುಗಳ ಲೆಕ್ಕದಲ್ಲಿದ್ದ ಚಿಗರಿ ಸಾವಿರಗಳ ಲೆಕ್ಕಕ್ಕೆ ಬಂದಿತು. ದೇಶದಲ್ಲಿ ಇಂಥ ಯಶಸ್ಸು ಅಪರೂಪ, ಅದಕ್ಕಾಗಿ ನಾವು ಹೆಮ್ಮೆಪಡಬೇಕು.

ಆದರೆ ಪ್ರಾಣಿಯನ್ನು ಉಳಿಸಿದ ನಾವು ಅದರ ಊಟವನ್ನು ಉಳಿಸಲಿಲ್ಲ. ಕುರುಚಲು ಗಿಡ, ಹುಲ್ಲು ತುಂಬಿದ ಬಯಲನ್ನು ಹಳೆಯ ದಫ್ತರುಗಳು ಪಾಳುಭೂಮಿ ಎಂದು ಬರೆದುಕೊಂಡಿದ್ದವು. ಮರವಿಲ್ಲದ ನೆಲ ಪಾಳು ಎಂಬುದು ಅಂದಿನ ತಿಳಿವಳಿಕೆ. ಪಾಳನ್ನು ಹಸಿರು ಮಾಡುವ ಸದುದ್ದೇಶದಿಂದಲೇ ವನ್ಯಧಾಮದ ಘೋಷಣೆಗೂ ಮುಂಚಿನಿಂದ ಅಲ್ಲಿ ನೀಲಗಿರಿಯ ನೆಡುತೋಪುಗಳನ್ನು ಬೆಳೆಸಲಾಯಿತು. ನೀಲಗಿರಿ ಎತ್ತರವಾಯಿತು, ಅದರ ಬುಡದಲ್ಲಿ ಹುಲ್ಲು ಬಡವಾಯಿತು. ದೂರದ ನೋಟ ಮರೆಯಾಯಿತು. ಹುಲ್ಲಿನ ಬಯಲನ್ನೇ ನಂಬಿದ್ದ ಎರೆಭೂತವೆಂಬ ಭಾರಿ ಹಕ್ಕಿ, ಒಂದು ಕಾಲಕ್ಕೆ ಈ ವನ್ಯಧಾಮದ ಹೆಗ್ಗಳಿಕೆಯಾಗಿದ್ದದ್ದು, ಇಲ್ಲಿಂದ ಕಾಣೆಯಾಯಿತು. ಕರ್ನಾಟಕದಲ್ಲಿ ಈಗ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಸುತ್ತ ಬೆರಳೆಣಿಕೆಯಷ್ಟು ಉಳಿದಿವೆ. ಎರೆಭೂತಕ್ಕೆ ಹೊಲ ಅನ್ನವಾಗಲಿಲ್ಲ, ಅದು ಅಳಿಯಿತು. ಚಿಗರಿಗೆ ಹೊಲ ಅನ್ನವಾಯಿತು, ಅದು ಉಳಿಯಿತು. ಹೊರಗೆ ಊರೂರ ಗಾಯರಾಣಗಳು ಒತ್ತುವರಿಯಾಗಿ, ಸೈಟುಗಳಾಗಿ, ಕಚೇರಿಗಳಾಗಿ ಕರಗಿದವು. ಹಗಲು ತೋಪಿನ ಅಂಚಿನಲ್ಲಿ ನಿಲ್ಲುವುದು, ಕತ್ತಲಾದೊಡನೆ ಹೊಲಕ್ಕೆ ಇಳಿಯುವುದು ಚಿಗರಿಯ ದಿನಚರಿಯಾಯಿತು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳ ರೈತರಷ್ಟೇ ಅಲ್ಲ, ಗದಗ, ಕೊಪ್ಪಳದ ಎರೆನಾಡಿನ ರೈತರೂ ಇದೇ ದೂರನ್ನು ಹೇಳುತ್ತಾರೆ.

ಕಾನೂನು ಏನು ಹೇಳುತ್ತದೆ? ಕಾಯಿದೆಯ 11ನೆಯ ಕಲಮಿನ ಪ್ರಕಾರ ಮೊದಲನೆಯ ಅನುಸೂಚಿಯ ಪ್ರಾಣಿ ಮನುಷ್ಯನ ಪ್ರಾಣಕ್ಕೆ ಅಪಾಯಕಾರಿಯಾದರೆ, ಅಥವಾ ವಾಸಿಯಾಗದಷ್ಟು ಅಂಗಹೀನವೋ ರೋಗಗ್ರಸ್ತವೋ ಆಗಿದ್ದರೆ ಮಾತ್ರ, ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರ ಅಪ್ಪಣೆಯಿಂದ ಅದನ್ನು ಬೇಟೆಯಾಡಬಹುದು. ಬೆಳೆ ತಿಂದಿತೆಂಬುದು ಸಾಕಾಗುವ ಕಾರಣವಲ್ಲ. 39ನೆಯ ಕಲಮಿನ ಪ್ರಕಾರ ಸತ್ತು ಬಿದ್ದಿರುವ ಚಿಗರಿ ರಾಜ್ಯ ಸರ್ಕಾರದ ಸ್ವತ್ತು. ಇದನ್ನು ನಮ್ಮ ತರುಣನಿಗೆ ವಿವರಿಸಿದಾಗ ಅವನು ನಕ್ಕ. "ಹಂಗಾದ್ರ ಸತ್ತ ಚಿಗರಿ ಸರ್ಕಾರದ್ದು, ಮೇಯೂ ಚಿಗರಿ ನಂದು, ಅಲ್ರಿ ಕಾಕಾ?" ಎಂದ. ನಗೆಯ ಮಾತಾದರೂ ಅದರೊಳಗಿನ ಮುಳ್ಳು ನನಗೆ ಚುಚ್ಚಿತು.

ಕೊಲ್ಲುವ ದಾರಿ ಇಲ್ಲ, ಇರಲೂ ಬಾರದು. ಹಾಗಾದರೆ ಕಾಯುವ ದಾರಿಗಳಾವುವು?

ನಮ್ಮ ಹಿರಿಯರು ಅಟ್ಟ ಕಟ್ಟಿ, ಕವಣೆ ಬೀಸಿ, ಡಬ್ಬಿ ಬಡಿದು ಕಾಯುತ್ತಿದ್ದರು. ಬೆದರುಬೊಂಬೆ ನಿಲ್ಲಿಸುತ್ತಿದ್ದರು. ಇಂದು ಅದರೊಡನೆ ಹಳೆಯ ಸೀರೆಗಳ ಬೇಲಿ, ಮಿನುಗುವ ಪಟ್ಟಿ, ಧ್ವನಿಮುದ್ರಿಸಿದ ನಾಯಿಯ ಬೊಗಳು ಸೇರಿವೆ. ಇವೆಲ್ಲಕ್ಕೂ ಒಂದು ಮಿತಿಯಿದೆ. ಪ್ರಾಣಿಗೆ ಬುದ್ಧಿಯಿದೆ, ನಾಲ್ಕು ದಿನ ಹೆದರಿ, ಐದನೆಯ ದಿನ ಬೊಂಬೆಯ ನೆರಳಿನಲ್ಲೇ ಮೇಯುತ್ತದೆ. ಆದ್ದರಿಂದ ಒಂದೇ ಉಪಾಯವನ್ನು ಒಂದೇ ಜಾಗದಲ್ಲಿ ಬಿಡದೆ ಬದಲಿಸುತ್ತಿರಬೇಕು. ಮುಖ್ಯವಾಗಿ ಮನುಷ್ಯನ ಇರವು ಇರಬೇಕು. ಬರಿಯ ಸದ್ದಿಗೆ ಅಂಜದ ಪ್ರಾಣಿ ಮನುಷ್ಯನೊಡನೆ ಕೂಡಿದ ಸದ್ದಿಗೆ ಅಂಜುತ್ತದೆ.

ಅಂಚಿನ ಬೆಳೆಯ ಉಪಾಯ ನಮ್ಮ ಸೀಮೆಗೆ ಹೊಸದಲ್ಲ. ಹಿಂಗಾರಿನ ಜೋಳದ ಸುತ್ತ ಕುಸುಬೆಯ ಸಾಲು ಹಾಕುವುದು ಉತ್ತರ ಕರ್ನಾಟಕದ ಹಳೆಯ ವಾಡಿಕೆ. ಅದರ ಮುಳ್ಳೆಲೆಗೆ ದನವೂ ಬಾಯಿ ಹಾಕದು. ಮುಂಗಾರಿನಲ್ಲಿ ಔಡಲದ ಸಾಲನ್ನು ಅಂಚಿಗೆ ಹಾಕಬಹುದು. ಇವು ಕೋಟೆಗಳಲ್ಲ, ಹಸಿದ ಹಿಂಡನ್ನು ಇವು ನಿಲ್ಲಿಸಲಾರವು. ಆದರೂ ಅಂಚಿನಲ್ಲಿ ರುಚಿಯಿಲ್ಲದ್ದು ಸಿಕ್ಕಿದರೆ ಒಳಗೆ ನುಗ್ಗುವ ಮೊದಲು ಹಿಂಡು ಹಿಂಜರಿಯುತ್ತದೆ. ಆಫ್ರಿಕದ ಕೆಲವು ಕಡೆ ಆನೆಗಳನ್ನು ತಡೆಯಲು ಮೆಣಸಿನಪುಡಿ ಬೆರೆಸಿದ ಎಣ್ಣೆಯನ್ನು ಹಗ್ಗಕ್ಕೆ ಬಳಿದು ಬೇಲಿ ಕಟ್ಟುತ್ತಾರೆ. ಇದನ್ನು ಕೇಳಿ ಬ್ಯಾಡಗಿಯವರು ಹಿಗ್ಗಬೇಕಾಗಿಲ್ಲ. ಅವರ ಮೆಣಸಿನಕಾಯಿಯ ಕೀರ್ತಿ ಬಣ್ಣದ್ದು, ಖಾರದ್ದಲ್ಲ!

ಇನ್ನು ತಂತಿಬೇಲಿಯ ವಿಚಾರ. ಇದನ್ನು ದಯವಿಟ್ಟು ಗಮನವಿಟ್ಟು ಕೇಳಬೇಕು. ಸೌರವಿದ್ಯುತ್ ಬೇಲಿ ಎಂಬುದು ಒಂದು. ಕಂಬದ ವಿದ್ಯುತ್ತನ್ನು ನೇರವಾಗಿ ತಂತಿಗೆ ಕೊಡುವುದು ಇನ್ನೊಂದು. ಸೌರಬೇಲಿಯ ಯಂತ್ರ ಸುಮಾರು ಕ್ಷಣಕ್ಕೊಮ್ಮೆ, ಕಣ್ಣೆವೆ ಇಕ್ಕುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು, ಮಿಡಿತದಂತೆ ವಿದ್ಯುತ್ತನ್ನು ಬಿಡುತ್ತದೆ. ವೋಲ್ಟೇಜು ಸಾವಿರಗಳಲ್ಲಿದ್ದರೂ ಮುಟ್ಟಿದ ಪ್ರಾಣಿ ಝಲ್ಲೆಂದು ಹಿಂದೆ ಸರಿಯುತ್ತದೆ, ಸಾಯುವುದಿಲ್ಲ. ಕಂಬದಿಂದ ನೇರವಾಗಿ ಬಂದ 230 ವೋಲ್ಟು ಹಾಗಲ್ಲ. ಅದು ಬಿಡುವಿಲ್ಲದೆ ಹರಿಯುತ್ತದೆ. ಸ್ನಾಯುಗಳನ್ನು ಬಿಗಿಹಿಡಿದು, ಹಿಡಿದ ತಂತಿಯನ್ನು ಬಿಡಗೊಡದೆ, ಹೃದಯವನ್ನು ನಿಲ್ಲಿಸುತ್ತದೆ. ಅದಕ್ಕೆ ಹಂದಿ, ಚಿಗರಿ, ಎತ್ತು, ಮನುಷ್ಯ ಎಂಬ ಭೇದವಿಲ್ಲ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಮ್ಮ ನಸುಕಿನಲ್ಲಿ ನೀರು ಹಾಯಿಸಲು ಹೋದವನು, ಪಕ್ಕದ ಹೊಲದವರು ಹಂದಿಗೆಂದು ಎಳೆದಿದ್ದ ಇಂಥ ತಂತಿಯನ್ನು ತುಳಿದು ತೀರಿಕೊಂಡ. ಹಂದಿ ಅಂದು ಬರಲೇ ಇಲ್ಲ. ತಂತಿ ಎಳೆದವರೂ ಬಡವರೇ, ದುಷ್ಟರಲ್ಲ. ಎರಡು ಮನೆಗಳು ಒಂದೇ ಬೆಳಗಿನಲ್ಲಿ ಹಾಳಾದವು.

ಆ ಬೆಳಗ್ಗೆ ನಮ್ಮ ಹೊಲದ ಗುಡಿಸಲಿನ ಮೂಲೆಯಲ್ಲಿ ಹೊಸ ತಂತಿಯ ಸುರುಳಿಯೊಂದು ಕಂಡಿತು. "ಇದೇನು ತಮ್ಮಾ?" ಎಂದೆ. ಅವನು ಮುಖ ತಿರುಗಿಸಿದ. "ಹಂದಿಗೆ ಅಂತ ತಂದೇನ್ರಿ" ಎಂದ. ನನ್ನ ಕಾಲ ಕೆಳಗಿನ ನೆಲ ಕುಸಿದಂತಾಯಿತು. ನಾನು ನಡೆದ ವಿಷಯವನ್ನು ಹೇಳಿದೆ. ಅವನು ಕೇಳಿಕೊಂಡ, ಏನೂ ಅನ್ನಲಿಲ್ಲ.

ಒಬ್ಬೊಬ್ಬನೇ ಹೋರಾಡಿದರೆ ಮನುಷ್ಯ ಇಂಥ ತಂತಿಯ ತನಕ ಹೋಗುತ್ತಾನೆ. ಆದ್ದರಿಂದ ಊರು ಕೂಡಿ ಮಾಡಬೇಕಾದದ್ದನ್ನು ನೋಡೋಣ. ಮೊದಲನೆಯದು, ಹದ ನೋಡಿ ಸಾಧ್ಯವಾದಷ್ಟು ಒಟ್ಟಿಗೆ ಬಿತ್ತುವುದು. ಇಡೀ ಸೀಮೆಯಲ್ಲಿ ಮೊದಲು ಹಸಿರಾದ ಒಂದೇ ಹೊಲದ ಮೇಲೆ ಇಡೀ ಹಿಂಡು ಬೀಳುತ್ತದೆ. ನೂರು ಹೊಲ ಒಮ್ಮೆಗೇ ಹಸಿರಾದರೆ ಅದೇ ಹಿಂಡಿನ ಹಸಿವು ನೂರು ಕಡೆ ಹಂಚಿಹೋಗುತ್ತದೆ, ಯಾರೊಬ್ಬರೂ ನೆಲಕಚ್ಚುವುದಿಲ್ಲ. ಎರಡನೆಯದು, ಎಳೆಪೈರಿನ ಆ ಕೆಲವು ವಾರಗಳಲ್ಲಿ ಪಾಳಿಯ ಮೇಲೆ ಕಾವಲು. ಹತ್ತು ಮನೆಯವರು ಕೂಡಿದರೆ ಪ್ರತಿಯೊಬ್ಬನಿಗೂ ಹತ್ತು ದಿನಕ್ಕೊಂದು ರಾತ್ರಿಯ ನಿದ್ದೆಗೇಡು. ಒಬ್ಬನೇ ಆದರೆ ದಿನವೂ. ಮೂರನೆಯದು, ಬೀದಿನಾಯಿಗಳ ಹತೋಟಿ ಮತ್ತು ಕಟ್ಟೆಯಿಲ್ಲದ ತೆರೆದ ಬಾವಿಗಳಿಗೆ ತಡೆ. ಹಗಲು ಅಟ್ಟಿಸಿಕೊಂಡ ಹಿಂಡು ದಿಕ್ಕೆಟ್ಟು ಹೊಲ ತುಳಿಯುತ್ತದೆ, ಬಾವಿಗೆ ಬೀಳುತ್ತದೆ, ಹಾನಿ ಇಬ್ಬರಿಗೂ.

ಊರಿನ ಕೈಗೆ ನಿಲುಕದ್ದು ಸರ್ಕಾರದ ಪಾಲಿನದು. ಅದರಲ್ಲಿ ಮೊದಲನೆಯದು ಹುಲ್ಲು. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿತು. ಆದರೆ ಹೊಸದು ನೆಡದಿದ್ದರೆ ಸಾಲದು; ಹಳೆಯದನ್ನು ಕ್ರಮವಾಗಿ ತೆಗೆದು, ಬೇರೊಡೆದು ಚಿಗುರದಂತೆ ನೋಡಿಕೊಂಡು, ನಾಡಹುಲ್ಲಿನ ಬೀಜ ಚೆಲ್ಲಿ, ಕೆಲವು ವರ್ಷ ತಾಳ್ಮೆಯಿಂದ ಕಾಯಬೇಕು. ಗುಜರಾತಿನ ವೇಲಾವದರದಲ್ಲಿ ಚಿಗರಿಗಾಗಿ ಹುಲ್ಲಿನ ಬಯಲನ್ನೇ ಕಾಪಾಡಿಕೊಂಡಿದ್ದಾರೆ. ನಮ್ಮದೇ ತುಮಕೂರು ಜಿಲ್ಲೆಯ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿಯೂ ಚಿಗರಿಗಳು ಬಯಲಿನಲ್ಲೇ ಬಾಳುತ್ತಿವೆ. ಹುಲ್ಲು ಬಂದರೆ ಹಾನಿ ಪೂರ್ತಿ ನಿಲ್ಲುತ್ತದೆಂದು ಹೇಳಲಾರೆ. ಎಳೆಯ ಗೋವಿನಜೋಳದ ರುಚಿಯನ್ನು ಯಾವ ಹುಲ್ಲೂ ಮರೆಸಲಾರದು. ಆದರೆ ಹಸಿವಿನಿಂದ ಬರುವುದಕ್ಕೂ ಚಪಲದಿಂದ ಬರುವುದಕ್ಕೂ ಅಂತರವಿದೆ. ಚಪಲದಿಂದ ಬಂದದ್ದನ್ನು ಅಟ್ಟಬಹುದು, ಹಸಿದು ಬಂದದ್ದನ್ನು ಅಟ್ಟಲಾಗದು.

ಎರಡನೆಯದು ಪರಿಹಾರ. ಕಾಡುಪ್ರಾಣಿಗಳಿಂದಾದ ಬೆಳೆನಷ್ಟಕ್ಕೆ ಅರಣ್ಯ ಇಲಾಖೆ ಹಣ ಕೊಡುವ ಏರ್ಪಾಡು ನಮ್ಮಲ್ಲಿದೆ. ಇ-ಪರಿಹಾರ ಎಂಬ ಗಣಕ ವ್ಯವಸ್ಥೆಯೂ ಇದೆ. ಆ ಹಣಕ್ಕೆ ಕಾಗದಪತ್ರಗಳಲ್ಲಿ ಕೊಟ್ಟಿರುವ ಹೆಸರು ದಯಾತ್ಮಕ ಧನ. ಭಾಷೆಯ ಮೇಷ್ಟ್ರಾದ ನನಗೆ ಈ ಶಬ್ದದ ಮೇಲೆ ತಕರಾರಿದೆ. ದಯೆ ಎಂಬುದು ಕೊಡುವವನ ಮನಸ್ಸಿಗೆ ಬಿಟ್ಟದ್ದು: ಇಷ್ಟವಾದಾಗ, ಇಷ್ಟವಾದಷ್ಟು. ನಾಡಿನ ಆಸ್ತಿಯಾದ ಪ್ರಾಣಿಯೊಂದು ಒಬ್ಬನ ಹೊಲದಲ್ಲಿ ಮೇಯ್ದು ಬದುಕಿದರೆ, ಅವನಿಗೆ ಸಲ್ಲುವುದು ದಯೆಯಲ್ಲ, ಬಾಕಿ. ಅದು ಮೇವಿನ ಬೆಲೆ. ಶಬ್ದ ಬದಲಾದರೆ ಮನೋಭಾವ ಬದಲಾದೀತು. ಆಗ, ನಷ್ಟ ನೋಡಲು ಬರುವವರು ಮರುಬಿತ್ತನೆಗೆ ಮುಂಚೆಯೇ ಬಂದಾರು, ಹಣ ಮುಂದಿನ ಹಂಗಾಮಿಗೆ ಮುಂಚೆಯೇ ಸೇರೀತು.

2025ರ ನವೆಂಬರಿನಲ್ಲಿ ಕೇಂದ್ರ ಕೃಷಿ ಸಚಿವಾಲಯ ಇನ್ನೊಂದು ನಿರ್ಣಯವನ್ನು ಪ್ರಕಟಿಸಿತು. ಅದರಂತೆ 2026ರ ಮುಂಗಾರಿನಿಂದ ಫಸಲ್ ಬಿಮಾ ಯೋಜನೆಯಲ್ಲಿ ಕಾಡುಪ್ರಾಣಿಗಳಿಂದಾಗುವ ಬೆಳೆನಷ್ಟವನ್ನೂ ವಿಮೆಗೆ ಸೇರಿಸಬಹುದು. ಯಾವ ಪ್ರಾಣಿ, ಯಾವ ಪ್ರದೇಶ ಎಂಬುದನ್ನು ರಾಜ್ಯಗಳು ಗೊತ್ತುಮಾಡಬೇಕು. ರೈತ 72 ಗಂಟೆಗಳೊಳಗೆ ನಷ್ಟದ ಚಿತ್ರಸಹಿತ ವರದಿ ಸಲ್ಲಿಸಬೇಕು. ಆದ್ದರಿಂದ, ಮೇಯ್ದ ಪೈರನ್ನು ಕಂಡ ಕೂಡಲೇ ಸಿಟ್ಟಿನಲ್ಲಿ ಹರಗಿಬಿಡಬಾರದು. ಗೊರಸಿನ ಗುರುತು, ಹರಿದ ಎಲೆ, ಹೊಲದ ನಾಲ್ಕು ದಿಕ್ಕು ಕಾಣುವಂತೆ ಚಿತ್ರ ತೆಗೆದುಕೊಂಡು ನಂತರ ಮುಂದಿನ ಕೆಲಸ ಮಾಡಬೇಕು.

ಇಲ್ಲಿ ನಾನು ಒಂದು ತಪ್ಪೊಪ್ಪಿಗೆಯನ್ನು ಮಾಡಬೇಕಾಗಿದೆ. ಅರ್ಜಿ ಬರೆಯೋಣವೆಂದು ಕಾಗದ ತೆಗೆದುಕೊಂಡು ಕುಳಿತಾಗ ಹೊಳೆಯಿತು: ಪಹಣಿಯಲ್ಲಿರುವುದು ನನ್ನ ಹೆಸರು. ಬೀಜ, ಗೊಬ್ಬರ, ರಾತ್ರಿಯ ನಿದ್ದೆ ಅವನವು, ನಷ್ಟ ಅವನದು, ಪರಿಹಾರ ಬಂದರೆ ಮಾತ್ರ ನನ್ನ ಹೆಸರಿಗೆ. ಅಷ್ಟೇ ಅಲ್ಲ, ಆ ವರ್ಷದ ಲಾವಣಿಯ ಹಣವನ್ನು ಯುಗಾದಿಗೆ ಮುಂಚೆಯೇ ಎಣಿಸಿಕೊಂಡು ಬಂದಿದ್ದೆ. ಚಿಗರಿ ಮೇಯ್ದದ್ದರಲ್ಲಿ ನನ್ನ ಪಾಲಿನ ಒಂದು ಕಾಳೂ ಇರಲಿಲ್ಲ. ಚಂದ ನೋಡಿದವನು ನಾನು, ಬೆಲೆ ತೆತ್ತವನು ಅವನು. ದೇಶದಲ್ಲೆಲ್ಲ ನಡೆದಿರುವುದು ಇದೇ ಎಂದು ಅಂದು ನನಗೆ ಮನದಟ್ಟಾಯಿತು. ವನ್ಯಜೀವಿ ಉಳಿಯಬೇಕೆನ್ನುವವರು ದೂರದಲ್ಲಿದ್ದೇವೆ. ಅದನ್ನು ಸಾಕುತ್ತಿರುವವರು ಹೊಲದ ಅಂಚಿನಲ್ಲಿದ್ದಾರೆ.

ಒಡಿಶಾದ ಗಂಜಾಮ್ ಜಿಲ್ಲೆಯಲ್ಲಿ ಗದ್ದೆಗೆ ಚಿಗರಿ ಬಂದರೆ ಶುಭ, ಮಳೆ ಬೆಳೆ ಚೆನ್ನಾಗುತ್ತದೆಂದು ಜನ ನಂಬಿ ಅದನ್ನು ಕಾಪಾಡಿಕೊಂಡು ಬಂದಿದ್ದಾರೆ. ರಾಜಸ್ಥಾನದ ಬಿಷ್ಣೋಯಿಗಳ ನಿಷ್ಠೆ ಲೋಕಪ್ರಸಿದ್ಧ. ಅವರಿಗೆ ನಮಸ್ಕಾರ. ಆದರೆ ಎಲ್ಲರ ಹೆಗಲ ಮೇಲೂ ಅಂಥ ನಿಷ್ಠೆಯನ್ನು ಹೊರಿಸಿ ನಾವು ನಿಶ್ಚಿಂತರಾಗಿರುವುದು ನ್ಯಾಯವಲ್ಲ. ಸಾಲ ಮಾಡಿ ಬೀಜ ತಂದವನಿಗೆ ಸಹನೆಯ ಉಪದೇಶ ಮಾಡುವ ಮೊದಲು, ಅವನ ಸಾಲದಲ್ಲಿ ಒಂದು ಪಾಲು ನಮ್ಮದೆಂದು ಒಪ್ಪಬೇಕು.

ಅಂದು ಸಂಜೆ ಅವನನ್ನು ಕರೆದು ಹೇಳಿದೆ: "ತಮ್ಮಾ, ನೀನು ಕೇಳಿದ್ದಕ್ಕೆ ಈಗ ಉತ್ತರ ಹೇಳುತ್ತೇನೆ. ಈ ಚಿಗರಿ ನಿನ್ನವಲ್ಲ, ಸರ್ಕಾರದವೂ ಅಲ್ಲ; ನಮ್ಮೆಲ್ಲರವು. ಹಾಗಾದ ಮೇಲೆ ಮೇವೂ ಎಲ್ಲರದಾಗಬೇಕು. ಎಲ್ಲರ ಮಾತು ನನ್ನ ಕೈಯಲ್ಲಿಲ್ಲ. ನನ್ನ ಪಾಲಿನದು ಇಲ್ಲಿದೆ." ಲಾವಣಿಯ ಅರ್ಧ ಹಣವನ್ನು ಮರುಬಿತ್ತನೆಗೆಂದು ಅವನ ಕೈಗಿತ್ತೆ. ಪರಿಹಾರದ ಹಣ ಬಂದರೆ ಅವನಿಗೇ ಸೇರತಕ್ಕದ್ದೆಂದು ಒಂದು ಕಾಗದ ಬರೆದುಕೊಟ್ಟೆ. ಇದನ್ನು ಔದಾರ್ಯವೆಂದು ತಾವು ಭಾವಿಸಬಾರದು. ಆಗಲೇ ಹೇಳಿದೆನಲ್ಲ, ಅದು ಬಾಕಿ.

ಅವನು ಎರಡನೆಯ ಸಲ ಬಿತ್ತಿದ. ಹದ ತಪ್ಪಿದ ಬಿತ್ತನೆಯಾದ್ದರಿಂದ ಕೊನೆಯಲ್ಲಿ ಮಳೆ ಸಾಲದೆ ತೆನೆ ಸಣ್ಣದಾಯಿತು. ಬೆಳೆ ಅರ್ಧಕ್ಕೆ ನಿಂತಿತು. ಆದರೆ ನೆರೆಯ ಏಳೆಂಟು ಹೊಲದವರು ಕೂಡಿ ಪಾಳಿಯ ಕಾವಲು ಹಾಕಿದ್ದರಿಂದ ಚಿಗರಿಯ ಬಾಯಿಗೆ ಹೋದದ್ದು ಕಡಿಮೆ. ದೀಪಾವಳಿಗೆ ಹೋದಾಗ ಗುಡಿಸಲಿನ ಮೂಲೆಯನ್ನು ನೋಡಿದೆ. ತಂತಿಯ ಸುರುಳಿ ಅಲ್ಲಿರಲಿಲ್ಲ. ಕೇಳಿದ್ದಕ್ಕೆ, "ಅಂಗಡ್ಯಾಂವಗ ವಾಪಸ್ ಕೊಟ್ನಿರಿ ಕಾಕಾ, ಹತ್ತು ರೂಪಾಯಿ ಮುರಕೊಂಡ" ಎಂದ.

ಆ ಹತ್ತು ರೂಪಾಯಿಯನ್ನೂ ನಾನೇ ಕೊಟ್ಟುಬರಬೇಕಾಗಿತ್ತು, ಮರೆತೆ. ಮುಂದಿನ ಯುಗಾದಿಗೆ ಹೋದಾಗ ಕೊಡುತ್ತೇನೆ.

(ಆಕಾಶವಾಣಿಯ ಕೃಪೆ)